ಯಾವುದರ ಕಾಲು?

ಚಿಕ್ಕಲಸಂದ್ರ
೧೩ ಜುಲೈ ೨೦೨೫, ಭಾನುವಾರ

ಪ್ರೀತಿಯ ತಂಗಿ ಸಂಗೀತಾಳಿಗೆ,

ನಿನ್ನ ಅಣ್ಣ ಶಿವರಾಜನ ಆಶೀರ್ವಾದಗಳು. ನನ್ನ ಮಂಡಿನೋವೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇಂಚರ ಹತ್ತನೇ ತರಗತಿ ಪಾಸಾಗಿ ಎರಡು ತಿಂಗಳಾಯಿತು, ಸೋದರಮಾವ ಅನ್ನಿಸಿಕೊಂಡವನು ಒಂದು ಸಾಲು ಬರೆಯಲಿಲ್ಲ. ಬೈದುಕೊಂಡಿರುತ್ತೀಯ, ಬೈಯಬೇಕಾದ್ದೇ. ಕೈಯಲ್ಲಿ ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಮಾತು ಬದಲಿಸಿಬಿಡುತ್ತೇನೆ.

ಶಾಲೆಯಲ್ಲಿ ಒಂದು ದೊಡ್ಡ ರಾಮಾಯಣವಾಗಿದೆ. ನಾಳೆ ಬೆಳಗ್ಗೆ ನಾನು ಒಂದು ಸಾಲು ಬರೆದುಕೊಡಬೇಕು, ಇಲ್ಲವೇ ಕೆಲಸ ಬಿಡಬೇಕು. ಮೊದಲಿನಿಂದ ಹೇಳುತ್ತೇನೆ.

ಎಂಟನೇ ತರಗತಿಗೆ ಶೇಕಡಾ ಲೆಕ್ಕ ಹೇಳಿಕೊಡುತ್ತಿದ್ದೆ. ಎರಡು ಕೆಜಿ ಸಕ್ಕರೆಯಲ್ಲಿ ಇನ್ನೂರೈವತ್ತು ಗ್ರಾಂ ನೂರಕ್ಕೆಷ್ಟು ಎಂದರೆ, ಅರ್ಧ ತರಗತಿ ಇನ್ನೂರೈವತ್ತನ್ನು ಎರಡರಿಂದ ಭಾಗಿಸಿ, ನೂರರಿಂದ ಗುಣಿಸಿ, ಹನ್ನೆರಡು ಸಾವಿರದ ಐನೂರು ಪರ್ಸೆಂಟ್ ಎಂದು ಬರೆದು ಕೂತಿತ್ತು. "ಎಲಾ ಭೂಪರಾ, ಎರಡು ಕೆಜಿ ಚೀಲದಿಂದ ಒಂದು ಮೂಟೆ ಸಕ್ಕರೆ ತೆಗೀತೀರಲ್ರೋ!" ಎಂದು ಗದರಿದೆ. "ಮೊದಲು ಎರಡನ್ನೂ ಒಂದೇ ಅಳತೆಗೆ ತನ್ನಿ. ಯಾವುದರಲ್ಲಿ ಎಷ್ಟು ಅಂತ ಕೇಳದೆ ಪರ್ಸೆಂಟ್ ಅಂತ ಬಾಯಿ ಬಿಡಬೇಡಿ." ಇಪ್ಪತ್ತೊಂಬತ್ತು ವರ್ಷದಿಂದ ಇದೇ ಮಂತ್ರ ಹೇಳಿಕೊಂಡು ಬಂದಿದ್ದೇನೆ.

ಆಗ ಶೃತಿ ಎದ್ದು ನಿಂತಳು. ಬೇಗೂರಿನ ಹಳೇ ಮನೆತನದ ಹುಡುಗಿ. ಅವಳ ತಾಯಿಯ ತಂದೆ ಚಿಕ್ಕಬೈರಪ್ಪನವರು ಹೋದ ವರ್ಷ ತೀರಿಕೊಂಡರು.

"ಸಾರ್, ಎಕರೆ ಗುಂಟೆಗೂ ಹಿಂಗೇನಾ? ತಾತಂದು ಎರಡು ಎಕರೆ ಇಪ್ಪತ್ತು ಗುಂಟೆ. ನಾಲ್ಕು ಜನ ಮಕ್ಕಳು. ಅಮ್ಮಂಗೆ ಕಾಲು ಅಂತ ಮಾವ ಹೇಳಿದಾರೆ."

"ಯಾವುದರ ಕಾಲು? ಕುರಿದಾ, ಕೋಳಿದಾ?" ಎಂದ ಹಿಂದಿನ ಬೆಂಚಿನವನೊಬ್ಬ. ಇಡೀ ತರಗತಿ ಗೊಳ್ಳೆಂದಿತು, ನಾನೂ ನಕ್ಕೆ. ಎಕರೆಗೆ ನಲವತ್ತರಂತೆ ಒಟ್ಟು ಸರಿಯಾಗಿ ನೂರು ಗುಂಟೆ! ಮೇಷ್ಟ್ರಿಗೆ ಇದಕ್ಕಿಂತ ಸಖತ್ ಲೆಕ್ಕ ಸಿಕ್ಕೀತೇ? ಕಾಲು ಭಾಗ ಎಂದರೆ ಇಪ್ಪತ್ತೈದು ಗುಂಟೆ, ನೂರಕ್ಕೆ ಇಪ್ಪತ್ತೈದು ಎಂದು ಬೋರ್ಡಿನ ಮೇಲೆ ಬರೆದೆ.

"ಅಲ್ಲ ಸಾರ್. ಪಾಲು ಪತ್ರದಲ್ಲಿ ಕಾಲು ಎಕರೆ ಅಂತಿದೆ."

ಕಾಲು ಎಕರೆ ಎಂದರೆ ಹತ್ತೇ ಗುಂಟೆ. ನೂರಕ್ಕೆ ಹತ್ತು. ಬಾಯಲ್ಲಿ ಕಾಲು ಭಾಗ, ಕಾಗದದಲ್ಲಿ ಕಾಲು ಎಕರೆ. ನಾನು ಸೀಮೆಸುಣ್ಣ ಕೆಳಗಿಟ್ಟೆ. ಹುಡುಗಿ ಅದನ್ನೂ ಬರೆದು ಪುಸ್ತಕ ಮುಂದೆ ಹಿಡಿದಳು. ಸರಿಯಾದ ಲೆಕ್ಕಕ್ಕೆ ತಪ್ಪು ಹಾಕಲಾಗುತ್ತದೆಯೇ? ಟಿಕ್ ಹಾಕಿದೆ.

ಅವಳ ತಾಯಿ ಸುನಿತಾ ಆ ಪುಸ್ತಕ ನೋಡಿ, ಸಬ್ ರಿಜಿಸ್ಟ್ರಾರ್ ಆಫೀಸಿನ ತನಕ ಹೋದವರು ಸಹಿ ಹಾಕದೆ ಎದ್ದು ಬಂದರಂತೆ. ಶುಕ್ರವಾರ ಶೃತಿಯ ಮಾವ ಮನೋಜ್ ಶಾಲೆಗೆ ನುಗ್ಗಿದ. ನಮ್ಮ ಶಾಲೆ ನಡೆಯುವುದು ಅವನ ಕಟ್ಟಡದಲ್ಲೇ. "ಏನ್ ಮೇಷ್ಟ್ರೇ, ಪಾಠ ಮಾಡಿ ಅಂದ್ರೆ ಮನೆ ಒಡೀತೀರಾ? ಹೆಣ್ಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಡೋದು ನಾವು, ನಡುವೆ ನಿಮ್ದೇನು ಪರ್ಸೆಂಟು?" ಎಂದು ಕೂಗಾಡಿದ.

ಅವನು ಹೋದ ಮೇಲೆ ಹೆಡ್‌ಮಾಸ್ಟರ್ ಅನಂತರಾಮು ನನ್ನನ್ನು ಕೂರಿಸಿಕೊಂಡರು. "ಶಿವರಾಜ್, ಲೆಕ್ಕ ತಪ್ಪಾಗಿತ್ತು ಅಂತ ಆ ಹುಡುಗಿ ಪುಸ್ತಕದಲ್ಲಿ ಒಂದು ಸಾಲು ಬರೆದುಬಿಡಿ. ನಿಮ್ಮ ಗಂಟೇನು ಹೋಗುತ್ತೆ? ಇಲ್ಲಾಂದ್ರೆ ಸೋಮವಾರದಿಂದ ನಿಮ್ಮನ್ನ ಇಟ್ಕೊಳ್ಳೋದು ನನ್ನ ಕೈಲಾಗಲ್ಲ." ಪಾಪ, ಅವರದೂ ತಪ್ಪಿಲ್ಲ. ಕಟ್ಟಡ ಬಿಡಿಸಿದರೆ ಮುನ್ನೂರು ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ?

ಸಂಜೆ ಗೇಟಿನ ಹತ್ತಿರ ಶೃತಿ ಕಾದಿದ್ದಳು. "ಸಾರ್, ನೀವು ತಪ್ಪು ಅಂದ್ರೆ ತಪ್ಪಂತೆ. ಅಮ್ಮ ಸೈನ್ ಹಾಕ್ತಾರಂತೆ. ಲೆಕ್ಕದ ಮೇಷ್ಟ್ರು ಸುಳ್ಳು ಹೇಳಲ್ಲ ಅಂದ್ರು."

ಆ ಮಾತು ಕೇಳಿದವನು ನೇರ ಮನೆಗೆ ನಡೆದುಬಿಟ್ಟೆ. ಎರಡು ದಿನದಿಂದ ಊಟ ಸೇರುತ್ತಿಲ್ಲ. ನಿನ್ನ ಅತ್ತಿಗೆ, "ಬರೆಯಲ್ಲ ಅಂತ ಹೇಳಿ ಬನ್ನಿ, ಗಂಜಿ ಕುಡಿದಾದ್ರೂ ಇರೋಣ" ಎನ್ನುತ್ತಾಳೆ. ಬರೆಯುವುದಿಲ್ಲ ಸಂಗೀತಾ, ಅದು ತೀರ್ಮಾನವಾಗಿದೆ. ಆದರೆ ನಿನ್ನ ಅತ್ತಿಗೆ ನನ್ನನ್ನು ದೊಡ್ಡ ಸತ್ಯವಂತ ಎಂದುಕೊಂಡು ನೋಡುವಾಗ ತಲೆ ಎತ್ತಲಾಗುವುದಿಲ್ಲ.

ನಿಮ್ಮ ಯಜಮಾನರಿಗೆ ನಮಸ್ಕಾರ ತಿಳಿಸು. ಇಂಚರ ಚೆನ್ನಾಗಿ ಓದಲಿ, ಯಾವ ಕಾಗದಕ್ಕೂ ಓದದೆ ಸಹಿ ಹಾಕದಂಥ ಹೆಣ್ಣಾಗಲಿ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಣ್ಣ,
ಶಿವರಾಜ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದಾಗ ನನ್ನೊಬ್ಬನನ್ನೇ ಕರೆದು, "ಸಂಗೀತಂಗೆ ಕಾಲು ಭಾಗ ಕೊಡಪ್ಪ, ಉಳಿದಿದ್ದು ನಿಂಗೆ" ಎಂದಿದ್ದರು. ಜಮೀನು ಮೂರು ಎಕರೆ, ಅಂದರೆ ನೂರಿಪ್ಪತ್ತು ಗುಂಟೆ. ನಿನಗೆ ಮೂವತ್ತು ಬರಬೇಕಿತ್ತು. "ಅಪ್ಪ ನಿನಗೆ ಕಾಲು ಅಂದಿದಾರೆ" ಎಂದು ನಿನಗೆ ಹೇಳಿ, ಪತ್ರದಲ್ಲಿ ಕಾಲು ಎಕರೆ ಎಂದು ಬರೆಸಿದೆ. ನೀನು ಪೆನ್ನು ಹಿಡಿದು, "ಅಣ್ಣ, ಸರಿ ಇದ್ಯಲ್ವಾ?" ಎಂದೆ. "ಲೆಕ್ಕದ ಮೇಷ್ಟ್ರು ಬರೆಸಿದ್ದು, ಹಾಕಮ್ಮ" ಎಂದೆ ನಾನು. ನೀನು ನಕ್ಕು ಸಹಿ ಹಾಕಿದೆ. ಆಮೇಲೆ ಇಬ್ಬರೂ ಹೋಟೆಲಿಗೆ ಹೋಗಿ ದೋಸೆ ತಿಂದೆವು. ಬಿಲ್ಲು ನೀನೇ ಕೊಟ್ಟೆ.

ಆ ಇಪ್ಪತ್ತು ಗುಂಟೆ ಇನ್ನೂ ನನ್ನ ಹೆಸರಿನಲ್ಲೇ ಇದೆ. ಯಾವತ್ತು ಬರುತ್ತೀಯೋ ಹೇಳು, ರಿಜಿಸ್ಟರ್ ಮಾಡಿಕೊಡುತ್ತೇನೆ. ನನ್ನ ಜೊತೆ ಮಾತಾಡದಿದ್ದರೂ ಬಾ. ಅವತ್ತು ನನ್ನ ಲೆಕ್ಕ ತಪ್ಪಿರಲಿಲ್ಲ, ಸಂಗೀತಾ. ನನಗೆ ಗೊತ್ತಿತ್ತು.