ದೇವರ ಬಣ್ಣಕ್ಕೆ ನಾಲ್ಕು ಪೆನ್ನಿ

ಅಳಿಯ ಅಮೋಘಸಿದ್ದನಿಗೆ ಆಶೀರ್ವಾದ. ಇಂಗ್ಲೆಂಡಿನವರಿಗೆ ಇಂಗ್ಲಿಷ್ ಕಲಿಸಿ ಮುಗಿಸಿದೆ, ಇನ್ನು ಅವರ ಪುಣ್ಯ. ಆಟ ಆಡಲು ಬಂದ ನಮ್ಮ ದೊಡ್ಡಾಟದ ಮೇಳಕ್ಕೆ ಇಲ್ಲಿಯ ಚರ್ಚಿನ ದಾಖಲೆ ಕೋಣೆಯಲ್ಲಿ ಐನೂರು ವರ್ಷ ಹಿಂದಿನ ನಾಟಕದ ಲೆಕ್ಕದ ಪುಸ್ತಕ ತೋರಿಸಿದರು. ಜೊತೆಗೆ ಬಂದ ಸರಿತಾ ಟೀಚರ್ ಓದಿ ಹೇಳಿದರು: “ದೇವರ ಪಾತ್ರದವನ ಮುಖಕ್ಕ ಬಣ್ಣಾ ಹಚ್ಚಾಕ ನಾಲ್ಕು ಪೆನ್ನಿ ಕೊಟ್ಟಾರ್ರಿ.” ಗೆದ್ದೆ! ನನ್ನ ಕೃಷ್ಣನ ಪಾತ್ರದ ಬಣ್ಣಕ್ಕೆ ಇಪ್ಪತ್ತು ವರ್ಷ ದುಡ್ಡು ಕೊಡದ ಮೇಳದ ಮಾಸ್ತರ ಜಕ್ಕಪ್ಪ, “ಆತು ಬಿಡಲೇ ತುಕ್ಯಾ, ಇನ್ನ ಮ್ಯಾಲೆ ಮ್ಯಾಳದ ರೊಕ್ಕದಾಗ ಕೊಡ್ತೀನಿ” ಅಂದ. ಆ ಖುಷಿಗೆ, ಆಟದಲ್ಲಿ ಆಹೇರಿ ದುಡ್ಡು ಕೊಟ್ಟವರ ಹೆಸರು ಕೂಗುವಂತೆ, “ಅಲಖನೂರ ತುಕಾರಾಮನಿಂದ ಇಲ್ಲಿಯ ದೇವರಿಗೆ ಹನ್ನೊಂದು ರೂಪಾಯಿ!” ಎಂದು ಕೂಗಿ, ಕೈಗೆ ಸಿಕ್ಕ ನೋಟನ್ನು ಚರ್ಚಿನ ಕಾಣಿಕೆ ಡಬ್ಬಿಗೆ ಹಾಕಿಬಿಟ್ಟೆ. ಮೊಣಕಾಲು ನೋವು ಕಡಿಮೆ.

ನಿನ್ನ ಮಾಮಾ

ತಾ.ಕ.: ಮಾಮಿಗೆ ಹನ್ನೊಂದೇ ಎನ್ನು. ಹೋದದ್ದು ಇಪ್ಪತ್ತು ಪೌಂಡ್, ಅಂದರೆ ಎರಡು ಸಾವಿರದ ಮುನ್ನೂರು ರೂಪಾಯಿ.