ಮರ ಮದ್ರಾಸಿನದು, ನೆಲ ದಿಲ್ಲಿಯದು

ಮಾನ್ಯ ಕಲೆಕ್ಟರ್ ಮಹಾಶಯರೇ,

ಕಾರಮಡೈಯ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಕಮಲಾತಾಳ್ ಎಂಬ ವಿಧವೆಯ ಪಾವು ಕೆಟ್ಟಿತು. ಕೆಡಿಸಿದವರು ಮೂವರು: ಮದ್ರಾಸಿನ ಸರ್ಕಾರ, ದಿಲ್ಲಿಯ ಸರ್ಕಾರ, ಮತ್ತು ಈ ಪತ್ರ ಬರೆಯುತ್ತಿರುವ ನಾನು. ಮೊದಲಿಬ್ಬರ ಮೇಲೆ ತಮಗೆ ತಮಿಳಿನಲ್ಲಿ ಮನವಿ ಕೊಟ್ಟಾಗಿದೆ. ಮೂರನೆಯವನ ಮೇಲಿನ ದೂರನ್ನು ಮನೆಮಾತಿನಲ್ಲೇ, ಈ ಕನ್ನಡ ಪತ್ರಿಕೆಯಲ್ಲೇ ಬರೆಯಬೇಕು. ಅವನು ತಪ್ಪು ಹೇಳಿದ್ದೂ ಇದೇ ಭಾಷೆಯಲ್ಲಿ.

ಪಾವು ಎಂದರೇನು? ಮಗ್ಗಕ್ಕೇರಿಸುವ ಮುನ್ನ ಹಾಸಿನ ನೂಲನ್ನೆಲ್ಲ, ಅಂದರೆ ಬಟ್ಟೆಯ ಉದ್ದೆಳೆಗಳನ್ನೆಲ್ಲ, ಬೀದಿಯುದ್ದಕ್ಕೂ ಗೂಟಗಳ ಮೇಲೆ ಎಳೆದು, ಗಂಜಿ ಹಚ್ಚಿ, ಆರುವವರೆಗೆ ಕುಂಚದಿಂದ ಬಾಚಬೇಕು. ನಡುವೆ ಕೈ ನಿಂತರೆ ಎಳೆಗೆ ಎಳೆ ಅಂಟಿತು. ಆಮೇಲೆ ಬ್ರಹ್ಮನೇ ಬಂದರೂ ಬಿಡಿಸಲಾರ. ನಮ್ಮ ಬೀದಿ ಗಿಡ್ಡ. ಅಜ್ಜಂದಿರ ಕಾಲದಿಂದ ಪಾವು ಹಾಸುವುದು ದೊಡ್ಡ ರಸ್ತೆಯ ಬದಿಯ ಹುಣಸೆಮರಗಳ ಕೆಳಗೆ. ಆ ರಸ್ತೆ ಈ ವರ್ಷ ರಾಷ್ಟ್ರೀಯ ಹೆದ್ದಾರಿಯಾಗಿ ಬಡ್ತಿ ಪಡೆಯಿತು. ಇನ್ನು ಹಾಸಬಹುದೋ ಬಾರದೋ? ಬೀದಿಯವರು ನನ್ನನ್ನು ತಾಲೂಕು ಕಚೇರಿಗೆ ಅಟ್ಟಿದರು. ಗುಮಾಸ್ತರು ವೀಳ್ಯ ಅಗಿಯುತ್ತ ಅಪ್ಪಣೆ ಕೊಡಿಸಿದರು: "ಮರ ನಮ್ದು, ಹಾಸಿಕೊಳ್ರಯ್ಯಾ."

ನಾನು ನಾಟಕದಲ್ಲಿ ಬೆಳೆದವನು. ಎಷ್ಟೋ ರಾಜರ ಕಿರೀಟ ಈ ತಲೆಯ ಮೇಲೆ ಕೂತಿದೆ. ರಂಗದ ಮೇಲೆ ಒಂದೇ ರಾಜ್ಯಕ್ಕೆ ಎರಡು ಸಿಂಹಾಸನ ಎಂದಾದರೂ ಕಂಡೆನೇ? ಅರಸ ಒಬ್ಬ, ಅಪ್ಪಣೆ ಒಂದು! ಬೀದಿಯ ನಡುವೆ ನಿಂತು ಗುಡುಗಿದೆ: "ಸರ್ಕಾರದ ಅಪ್ಪಣೆಯಾಗಿದೆ! ಹಾಸಿರಿ!"

ಯಾವ ಸರ್ಕಾರವೆಂದು ಯಾರೂ ಕೇಳಲಿಲ್ಲ. ಕಮಲಾತಾಳ್ ಮಾತ್ರ ಅನುಮಾನಿಸಿದಳು. "ಕಾಗದ ಏನಾದ್ರೂ ಕೊಟ್ರಾ ಅಣ್ಣಾ?"

"ನನ್ನ ಗಂಟಲೇ ಕಾಗದ, ಹೋಗಮ್ಮಾ!"

ಎಲ್ಲರೂ ನಕ್ಕರು. ಅವಳೂ ನಕ್ಕು, ಮೊದಲ ಪಾವು ಹಾಸಿದಳು.

ಗಂಜಿ ಇನ್ನೂ ಹಸಿಯಿರುವಾಗಲೇ ಹೆದ್ದಾರಿಯವರ ಜೀಪು ಬಂತು. "ಯಾರಯ್ಯಾ ಹೇಳಿದ್ದು? ಮರ ಮದ್ರಾಸಿಂದಿರಬಹುದು, ನೆಲ ದಿಲ್ಲೀದು!" ಗೂಟ ಕಿತ್ತರು. ನೂಲು ಮಣ್ಣಿನಲ್ಲಿ ಮುದ್ದೆಯಾಗಿ ಬಿತ್ತು. ಬೀದಿಗೆ ಬೀದಿಯೇ ನನ್ನ ಮುಖ ನೋಡಿತು. ನಾನೋ, ಮಹಾಶಯರೇ, ಮೆಲ್ಲನೆ ಹುಣಸೆಮರದ ಹಿಂದೆ ಸರಿದೆ. ಅದು ರಾಜ್ಯದ ಮರ ತಾನೇ?

ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು ಅಧಿಕಾರ ಎಂದು ನೋಡಲು ದಿಲ್ಲಿಯಲ್ಲಿ ಆಯೋಗವೇ ಕೂತಿದೆಯಂತೆ. ಧಾರಾಳವಾಗಿ ಹಂಚಿಕೊಳ್ಳಿ. ತಪ್ಪನ್ನು ಹಂಚಿಕೊಳ್ಳುವವರು ಯಾರು? ತಮ್ಮನ್ನು ನೇಮಿಸಿದ್ದು ದಿಲ್ಲಿ, ತಮ್ಮಿಂದ ಕೆಲಸ ತೆಗೆಯುವುದು ಮದ್ರಾಸು. ಇಬ್ಬರ ಉಪ್ಪನ್ನೂ ಉಂಡ ತಾವಲ್ಲದೆ ಇನ್ನಾರು ಹೇಳಬೇಕು? ಎರಡೂ ಕಡೆಯವರನ್ನು ಆ ಮರದ ಕೆಳಗೆ ಒಟ್ಟಿಗೆ ನಿಲ್ಲಿಸಿ, ಹಾಸಬಹುದು ಇಲ್ಲವೇ ಹಾಸಬಾರದು ಎಂದು ಒಂದೇ ಮಾತನ್ನು ಬರಹದಲ್ಲಿ ಕೊಡಿಸಿ. ಬಾರದೆಂದರೆ ಬೇರೆ ನೆಲ ತೋರಿಸಿ. ಕೆಟ್ಟ ನೂಲಿಗೆ ನೂಲು ಕೊಡಿಸಿ. ಅದರಲ್ಲಿ ನನ್ನ ಪಾಲು ನಾನೇ ತೆರುತ್ತೇನೆ.

ಬೇಗ ಆಗಲಿ. ಕಮಲಾತಾಳ್ ನನ್ನನ್ನು ಬೈದಿದ್ದರೆ ಇಷ್ಟು ಅವಸರಪಡಿಸುತ್ತಿರಲಿಲ್ಲ. ನೆಂಟರಿಂದ ನೂಲು ಕಡ ತಂದಿದ್ದಾಳೆ. ಇಂದು ಬೆಳಗ್ಗೆ ನಮ್ಮ ಬಾಗಿಲಿಗೆ ಬಂದು ಕೇಳಿದಳು: "ಅಣ್ಣಾ, ನಾಳೆ ಹಾಸ್ಲಾ? ನೀ ಹೇಳಿದ್ರೆ ಸಾಕು."

ಇಂತಿ,
ಆ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡಿರುವ,
ಅಂಗಪ್ಪನ್