ಅಪ್ಪ ಮಣ್ಣು ಹಾಕಿದ ಕೆರೆ

ಅಪ್ಪಾ,

ನಾರಾಯಣಗೂಡದ ನಮ್ಮ ಕಾಲೇಜಿಗೆ ನೀನು ಬಂದದ್ದು ಒಂದೇ ಸಲ. ನಾನು ಮರೆತ ಊಟದ ಡಬ್ಬಿ ಕೊಡಲು ಬಂದವನು ಕ್ಲಾಸಿನ ಬಾಗಿಲಲ್ಲೇ ನಿಂತುಬಿಟ್ಟೆ. ನಾನು ದೂರಸಂವೇದನೆಯ ಪಾಠ ಮಾಡುತ್ತಿದ್ದೆ. ಗಿಡ, ನೀರು, ಸಿಮೆಂಟು ಒಂದೊಂದೂ ಬೆಳಕನ್ನು ಒಂದೊಂದು ಬಗೆಯಲ್ಲಿ ಹಿಂದಿರುಗಿಸುತ್ತವೆ, ಉಪಗ್ರಹ ಅದನ್ನು ಹಿಡಿದಿಡುತ್ತದೆ, ನಾವು ಮುಟ್ಟದೆಯೇ ನೆಲವನ್ನು ಓದುತ್ತೇವೆ ಎನ್ನುತ್ತಿದ್ದೆ. ಪರದೆಯ ಮೇಲೆ ನಗರದಂಚಿನ ಒಂದೇ ಜಾಗದ ಎರಡು ಚಿತ್ರಗಳಿದ್ದವು. ಹಳೆಯದರಲ್ಲಿ ಕಪ್ಪಗೆ ಕೆರೆ, ಹೊಸದರಲ್ಲಿ ಬೂದು ಕಟ್ಟಡಗಳು. ಸಂಜೆ ಬಸ್ಸಿನಲ್ಲಿ ನೀನು ಕೇಳಿದೆ, "ಮ್ಯಾಲಿಂದ ಎಲ್ಲಾ ಕಾಣ್ತೈತೇನ್ ಯವ್ವಾ?"

"ಎಲ್ಲಾ ಕಾಣ್ತೈತಪ್ಪಾ," ಎಂದೆ ನಾನು, ಜಂಬದಿಂದ. ಮೆಹದಿಪಟ್ಟಣಂ ಬರುವವರೆಗೆ ನೀನು ಕಿಟಕಿಯಾಚೆಯ ಕಟ್ಟಡಗಳನ್ನೇ ನೋಡುತ್ತಿದ್ದೆ.

ಮರುವಾರ ಕ್ಲಾಸಿನ ಮಕ್ಕಳನ್ನು ಆ ಜಾಗಕ್ಕೇ ಕರೆದೊಯ್ದೆ. ಚಿತ್ರ ಹೇಳಿದ್ದು ನಿಜವೇ ಎಂದು ನೆಲದ ಮೇಲೆ ನಿಂತು ನೋಡದಿದ್ದರೆ ಪಾಠ ಅರ್ಧವೇ. ಹಟ ಮಾಡಿ ನೀನೂ ಬಂದೆ. ಅಪಾರ್ಟ್‌ಮೆಂಟುಗಳ ನಡುವೆ ನಿಂತು ಮಕ್ಕಳಿಗೆ, "ಯಹಾಂ ತಾಲಾಬ್ ಥಾ, ಬೇಟಾ. ಮಿಟ್ಟಿ ಹಮೀಚ್ ಡಾಲೇ," ಎಂದೆ. ಇಲ್ಲಿ ಕೆರೆ ಇತ್ತು, ಮಣ್ಣು ಹಾಕಿದ್ದು ನಾವೇ. ನಾನು ಶಾಲೆಯಲ್ಲಿದ್ದ ಕಾಲದಲ್ಲಿ, ಯಾದಗಿರಿ ಕಡೆಯಿಂದ ಬಂದ ನಿನ್ನ ಗೌಂಡಿ ಗುಂಪು ಆ ಕೆರೆ ಮುಚ್ಚಿ ಪಾಯ ಹಾಕಿತ್ತು. ಮಕ್ಕಳು ನನ್ನ ಮುಖ ನೋಡಿದರು. ನನಗೆ ನಾಚಿಕೆಯಾಯಿತು ಅಪ್ಪಾ. ಆ ದುಡಿಮೆಯಲ್ಲೇ ಓದಿದವಳಿಗೆ ಎಂಥ ನಾಚಿಕೆ...

ಅವತ್ತೇ ನೀನು ಹಿಂದಿನ ಗಲ್ಲಿಯ ತಗಡಿನ ಶೆಡ್ಡುಗಳನ್ನು ತೋರಿಸಿ, "ದೊಡ್ಡ ಮಳಿ ಆದರ ನೀರು ಎಲ್ಲಿಗಿ ಹೋಗ್ತೈತಿ?" ಎಂದು ಕೇಳಿದೆ. "ತಗ್ಗಿಗೆ. ಅಂದರ ಇಲ್ಲಿಗೇ," ಎಂದೆ ನಾನು. ಶೆಡ್ಡುಗಳಲ್ಲಿದ್ದವರು ನಮ್ಮ ಕಡೆಯವರೇ, ಕಟ್ಟಡ ಕೆಲಸದವರು. ಆಮೇಲೆ ನೀನು ಪ್ರತಿ ಭಾನುವಾರ ಹೋಗಿ, ಜಾಗ ಬಿಡಿರೆಂದು ಅವರನ್ನು ಬೇಡಿಕೊಂಡೆ. ಎರಡು ಮಕ್ಕಳ ತಾಯಿ ಮಲ್ಲಮ್ಮ, "ಇದನ್ ಬಿಟ್ಟು ಎಲ್ಲಿ ಇರೂಣು, ನೀವ ಹೇಳ್ರಿ ಕಾಕಾ," ಅಂದಳಂತೆ. ನಗರಪಾಲಿಕೆ ಆಫೀಸಿಗೆ ಹೋಗಿ ಚಿತ್ರ ತೋರಿಸೆಂದು ನನ್ನನ್ನು ಕೇಳಿದೆ. ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿಯಿತು. ನಾನು ಹೋಗಲಿಲ್ಲ. ನಿಜಕ್ಕೂ ನನ್ನನ್ನು ತಡೆದದ್ದು ಪರೀಕ್ಷೆಯೇ?

ಎರಡು ದಿನ ಬಿಡದೆ ಸುರಿದ ಮಳೆಯ ಮಧ್ಯಾಹ್ನ ನೀನು ಯಾರಿಗೂ ಹೇಳದೆ ಹೊರಟೆ. ಮಲ್ಲಮ್ಮನ ಮಕ್ಕಳಿಬ್ಬರನ್ನೂ ಎತ್ತಿ ತಂದು ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂರಿಸಿ, ಅವಳಿಗಾಗಿ ಮತ್ತೆ ನೀರಿಗಿಳಿದೆಯಂತೆ. ಕಾಂಪೌಂಡ್ ಗೋಡೆ ಕುಸಿಯಿತು. ನಿಮ್ಮಿಬ್ಬರನ್ನೂ ಮರುದಿನ ಹೊರತೆಗೆದರು. ನಿನ್ನ ಉಗುರು ಸಂದಿಯ ಕೆಸರನ್ನು ನಾನೇ ತೊಳೆದೆ. ಪೂರ್ತಿ ಹೋಗಲಿಲ್ಲ.

ಆ ದಿನದ ಚಿತ್ರವನ್ನು ತೆರೆಯಲು ನನಗೆ ತಿಂಗಳುಗಳು ಬೇಕಾದವು. ಮೋಡ ಕವಿದಿದ್ದರೂ ನೆಲ ಕಾಣುವ ರೇಡಾರ್ ಚಿತ್ರ ಅದು. ಖಾಲಿ ಸೈಟುಗಳಲ್ಲಿ ನೀರು ಕಪ್ಪಾಗಿ ನಿಂತು, ಹಳೆಯ ಕೆರೆಯ ಅಂಚು ಮತ್ತೆ ಮೂಡಿತ್ತು. ಆ ಚಿತ್ರದ ಒಂದು ಚುಕ್ಕೆಯೆಂದರೆ ನೆಲದ ಮೇಲೆ ಹತ್ತು ಮೀಟರ್ ಅಗಲ. ಮನುಷ್ಯ ಕಾಣುವುದಿಲ್ಲ ಅಪ್ಪಾ. ನಿನಗೆ ನಾನು ಸುಳ್ಳು ಹೇಳಿದ್ದೆ.

ನಿನಗೆ ಗೊತ್ತಿಲ್ಲದ ಸುದ್ದಿಯೊಂದಿದೆ. ನನ್ನ ಕ್ಲಾಸಿನ ಮಕ್ಕಳು ವರ್ಷ ವರ್ಷದ ಚಿತ್ರಗಳನ್ನು ಜೋಡಿಸಿದರು, ಅದು ಕೆರೆಯ ಜಾಗವೆಂದು ಅದೇ ಆಫೀಸಿಗೆ ನಾನು ಅರ್ಜಿ ಕೊಟ್ಟೆ. ಅದು ಕೆರೆಯೇ ಅಲ್ಲ, ಮಳೆಗಾಲದಲ್ಲಿ ನೀರು ನಿಲ್ಲುತ್ತಿದ್ದ ಹೊಲ ಎಂದರು ಬಿಲ್ಡರ್ ಕಡೆಯ ವಕೀಲರು. ಕೆರೆಯನ್ನು ಕಣ್ಣಾರೆ ಕಂಡ ಸಾಕ್ಷಿ ಬೇಕಾಯಿತು. ನಿನ್ನ ಗುಂಪಿನ ಭೀಮಣ್ಣ ಕಾಕಾನ ಬಳಿ ಹೋದೆ. "ಮಣ್ಣು ಹಾಕಿದವ್ರು ನಾವು ಅಂದ್ರ ನಮ್ಮನ್ನ ಒಳಗ ಹಾಕ್ತಾರವ್ವಾ," ಎಂದು ಹೆದರಿದ. ಮಲ್ಲಮ್ಮನ ಮಕ್ಕಳು ಈಗ ಊರಲ್ಲಿ ಅಜ್ಜಿಯ ಹತ್ತಿರ ಇದ್ದಾರೆ, ಅವರ ಶೆಡ್ಡಿಗೆ ಬೇರೆ ಸಂಸಾರ ಬಂದಿದೆ ಎಂದೆ. ವಿಚಾರಣೆ ಯಾವತ್ತೆಂದು ಕೇಳಿದ.

ಮೊನ್ನೆ ವಿಚಾರಣೆಗೆ ಬಂದ. ಅವನು ಕನ್ನಡದಲ್ಲಿ ಹೇಳಿದ್ದನ್ನು ನಾನು ತೆಲುಗಿನಲ್ಲಿ ಅಧಿಕಾರಿಗೆ ಹೇಳಬೇಕಿತ್ತು. "ಬ್ಯಾಸಿಗ್ಯಾಗೂ ಸೊಂಟದ ಮಟ ನೀರಿರ್ತಿತ್ರಿ. ಮೀನ ಹಿಡಿದು ಉಂಡೀವಿ." ಮಣ್ಣು ಹಾಕುವಾಗ ಜೊತೆಗೆ ಇನ್ಯಾರಿದ್ದರೆಂದು ಕೇಳಿದರು. ಅವನು ನನ್ನತ್ತ ನೋಡಿ, ತಲೆ ತಗ್ಗಿಸಿ, ನಿನ್ನ ಹೆಸರು ಹೇಳಿದ. ನಾನು ಅದನ್ನು ತೆಲುಗಿನಲ್ಲಿ ಹೇಳಿದೆ. ಯಾರವರು ಎಂದರು ಅಧಿಕಾರಿ.

ನಮ್ಮ ತಂದೆ ಎಂದೆ. ಬರೆದುಕೊಂಡರು.